ಒಣ ಕೈ

ಗುಳೇದಗುಡ್ಡದಾಗ ನಮ್ಮ ಹಿತ್ತಲ ಅಂದ್ರ
ಎರಡು ಹೊರಸು ಹಾಸೂವಷ್ಟು ಜಾಗಾ.
ಬಚ್ಚಲ ನೀರು ಹರಿಯೂ ಕಡೆ ಮಾವ
ಹನ್ನೊಂದು ಮೆಣಸಿನ ಗಿಡ ಹಚ್ಚಿದ್ರು,
ಲಿಂಬಿ ಒಂದು, ಗ್ವಾಡಿಗೆ ಆನಿಸಿ.
ಕುಣಿಮಗ್ಗದಿಂದ ಎದ್ದು ಬಂದಾಗೊಮ್ಮೆ
ಎಲಿ ಮಗಚಿ ನೋಡತಿದ್ರು,
ಖಣದಾಗ ಎಳಿ ತಪ್ಪೇತೇನು ಅಂತ
ನೋಡ್ತಾರಲ್ಲ, ಹಂಗ.

ಅವರಾತ್ರಿ ಅಮಾಸಿ ಮುಗದು ಮೂರು ದಿನಕ್ಕ
ಹಣ್ಣಾದುವಷ್ಟೂ ಹರದ್ವಿ.
ಮೂಲಿ ಅಂಗಡಿ ತಕ್ಕಡ್ಯಾಗ ಒಂದೂಮುಕ್ಕಾಲು ಕಿಲೋ.
ತೊಳದು, ಒರಸಿ, ಹಳೇ ಧೋತರದ ಮ್ಯಾಲ ಹರವಿ
ನೆರಳಾಗ ಒಂದಿನಾ ಬಿಟ್ಟು
ಆಮ್ಯಾಲ ತುಂಬು ತಗದ್ವಿ.
ಮೊದಲ ತುಂಬು ತಗದು ತೊಳದ್ರ
ಕಾಯಿ ಹೊಟ್ಟ್ಯಾಗ ನೀರು ಹೋಗತೈತಿ,
ಅತ್ತಿ ಹೇಳಿದ್ದು.
ಅತ್ತಿ ಹೇಳಿದ್ದು ಇನ್ನೂ ಭಾಳ ಅದಾವು:
ಉಪ್ಪು ಹರಳಿಂದ ಇರಲಿ, ಹುರದು ಹಾಕು.
ಬಳ್ಳೊಳ್ಳಿ ಕೈ ತುಂಬ, ನಿನ್ನ ಕೈ ಅಲ್ಲ, ನನ್ನ ಕೈ.
ಮೆಂತೆ ಕರ್ರಗಾದ್ರ ಚೆಲ್ಲು, ನನ್ನ ಕೇಳಬ್ಯಾಡ.

ಮಿಕ್ಸರಿಗೆ ಹಾಕಿದಾಗ ಮಾತ್ರ
ಮಾರಿ ಆ ಕಡೆ ಮಾಡಿ ಕುಂತ್ರು.

ಮನಿ ತುಂಬ ಕೆಮ್ಮು.
ಗ್ವಾಡಿ ಆಚೆ ಶಾವಂತ್ರೆವ್ವ ಕೆಮ್ಮಿ
'ರಂಜಕ ಏನವಾ?' ಅಂದ್ಲು.
ಆಕಿಗೇ ಸೀನು ಬಂದ ಮ್ಯಾಲ ಸುಳ್ಳು ಹೇಳೂದ್ಹೆಂಗ,
ಒಂದು ಬಟ್ಟಲ ಅಲ್ಲಿಗೆ ಹೋತು.

ಲಿಂಬಿ ರಸ ಬಿದ್ದ ಕೂಡಲೇ ಬಣ್ಣ ತಿರುಗಿತು.
ಮಾವ ಬಗ್ಗಿ ನೋಡಿ ಅಂದ್ರು:
'ಈ ಕೆಂಪು ರೇಷ್ಮಿಗೆ ಕುಂದ್ರಂಗಿಲ್ಲ.'

ನೋಡಿದ್ದಷ್ಟ. ತಿನ್ನೂವಂಗಿಲ್ಲ.
ಬಾಗಲಕೋಟಿ ಡಾಕ್ಟರು ಚೀಟಿ ಬರದು ಎಂಟು ತಿಂಗಳಾತು.
ಹೊಟ್ಟ್ಯಾಗ ಹುಣ್ಣು, ಖಾರ ಬಂದ್, ಹುಳಿ ಬಂದ್.
ಗಿಡಾ ಬೆಳಸೂದು ಬಂದ್ ಅಂತ ಬರದಿದ್ದಿಲ್ಲ.

ಭರಣಿ ಬಿಸಲಿಗಿಟ್ಟು, ಇಂಗಿನ ಹೊಗಿ ಹಿಡಸಿ,
ಒತ್ತಿ ಒತ್ತಿ ತುಂಬಿ, ಮ್ಯಾಲ ಎರಡು ಬಟ್ಟು ಎಣ್ಣಿ.
ದಡಿ ಸೊಟ್ಟಾಗಿ ಮಾರದ ಉಳದ ಖಣದ ತುಂಡು
ಬಾಯಿಗೆ ಕಟ್ಟಿದೆ.
ಭರಣಿ ಕುಬಸ ತೊಟ್ಟಂಗ ಕಾಣಸ್ತು.

ಹೋಳಿ ಹುಣ್ಣಿಮಿಗೆ ಬಿಚ್ಚಿದ್ರ
ಬಿಳೀ ಬೂಸ್ಟು. ಒಂದ ಮಗ್ಗಲಕ್ಕ,
ನಾಕಾಣೆ ಅಗಲ.

ಪಂಚಾಯ್ತಿ ಕೂಡ್ತು.
ಯಾರದೋ ಹಸಿ ಕೈ ಬಿದ್ದೈತಿ, ಅಂದ್ರು ಅತ್ತಿ
ನನ್ನ ಕೈ ಕಡೆ ನೋಡಿ.
ನಾ ಗಂಡನ ಕಡೆ ನೋಡಿದೆ.
ಹುಚ್ಚೇಶ ಮಗಳ ಕಡೆ ನೋಡಿದ.
ಆರು ವರ್ಷದಾಕಿ, ಎರಡೂ ಕೈ ಬೆನ್ನಹಿಂದ ಇಟ್ಟು
'ನನಗ ಖಾರ ಹತ್ತತೈತಿ' ಅಂದ್ಲು.
ಮಾವ ಒಳಗ ಲಾಳಿ ಹೊಡಕೊಂತನ ಇದ್ರು,
ಒಂದು ಏಟೂ ತಪ್ಪಲಿಲ್ಲ.

ಬೂಸ್ಟಿನ ಕಡೆದಷ್ಟು ಆಳಕ ತಗದು ಚೆಲ್ಲಿ
ಉಳದದ್ದು ಎಣ್ಣ್ಯಾಗ ಕುದಿಸಿ ಮತ್ತ ತುಂಬಿದೆ.

ನಾಕು ದಿನ ಬಿಟ್ಟು ರಾತ್ರಿ ನೀರಡಿಸಿ ಎದ್ರ
ಬಚ್ಚಲದಾಗ ಚರಿಗಿ ಸಪ್ಪಳ.
ಮಾವ ಕೈ ತೊಳಕೊಳ್ಳಾಕ ಹತ್ತಿದ್ರು.
ಗಂಜಿ ಹತ್ತಿದ ಕೈ, ಬಣ್ಣ ಹತ್ತಿದ ಕೈ,
ಉಗುರಸಂದಿ ಸುದ್ದಾ ತಿಕ್ಕಿ ತಿಕ್ಕಿ,
ಲಗ್ನದ ಪಂಕ್ತಿಗೆ ಕುಂದ್ರೂವರಂಗ.
ಕತ್ತಲದಾಗ ಬಂದು ಖಣದ ಗಂಟು ಬಿಚ್ಚಿ
ಒಂದ ಬಟ್ಟು.
ಖಡಕ್ ರೊಟ್ಟಿ ಚೂರಿಗೆ ಸವರಿ,
ಮುರಿಯೂ ಸಪ್ಪಳ ಆಗದಂಗ
ಬಾಯಾಗನ ನೆನಸಿ,
ನಿಂತಲ್ಲೆ ತಿಂದು, ಮತ್ತ ಗಂಟು.
ನೇಕಾರನ ಗಂಟು. ನಾ ಕಟ್ಟಿದ್ದಲ್ಲ ಅದು ಅಂತ
ಹೋಳಿಗೇ ತಿಳೀಬೇಕಿತ್ತು ನನಗ.

ಕಳವು ಮಾಡೂ ಮುಂದ ಕೈ ತೊಳಕೊಂಡವರನ್ನ
ಏನಂತ ಹಿಡೀಲಿ?

ಮುಂಜಾನೆ ಒಂದು ಒಣಾ ಅರಬಿ ಹುಡಿಕ್ಕೊಂಡು
ಭರಣಿ ಕಡೆ ಹೋದೆ.
ಮಾವನ ಕೈಗೆ ನಿಲುಕೂ ಎತ್ತರದಾಗ
ಮೊಳಿಗೆ ಆಗಲೇ ಒಂದು ತೂಗತಿತ್ತು,
ಅತ್ತಿ ಹಳೇ ಸೀರಿ ತುಂಡು,
ನಾಕೂ ಅಂಚು ಹೊಲದದ್ದು.
ಅತ್ತಿ ಒಲಿ ಮುಂದ ಕುಂತು
ರೊಟ್ಟಿ ಬಡಿಯಾಕ ಹತ್ತಿದ್ರು. ಎತ್ತಿ ನೋಡಲಿಲ್ಲ.

ನಾ ಅರಬಿ ತಿರುಗಿ ಒಯ್ದೆ.
ರಾತ್ರಿ ಮಲಗೂ ಮುಂದ ಭರಣಿ ಬಾಜೂಕ
ಬೆಣ್ಣಿ ಬಟ್ಟಲ ಮುಚ್ಚದ ಇಟ್ಟೆ.

ಮರುದಿನ ಬೆಣ್ಣ್ಯಾಗ
ಒಂದು ಬಟ್ಟಿನ ಗುರುತು.