ಮಡಿಕಿ ಮುರಿಯೋದು

ದಿನಾ ಇಸ್ತ್ರಿಪೆಟ್ಟಿಗಿಗೆ ಇದ್ದಲಿ ತುಂಬಿ
ಬೆಟಗೇರಿಯ ಅಂಗಿ-ಪ್ಯಾಂಟಿಗೆಲ್ಲ
ಬಿಗಿ ಮಡಿಕಿ ಕೂಡಸೋದು ನನ್ನ ಕಸಬು.
ಗೆರಿ ಡೊಂಕಾತಂದ್ರ ಮಾಸ್ತರ್ರು ರೊಕ್ಕ ಹಿಡಕೋತಾರ.
ಅಮಾಸಿಗೊಮ್ಮೆ ಅಂಗಡಿ ಮುಚ್ಚಿ
ಮನಿಗೆ ಬಂದು ಮಾಡೋದು ಉಲ್ಟಾ:
ಏಳು ತೊಟ್ಟಿಲ ಕೌದಿ ಟ್ರಂಕಿನಿಂದ ತಗದು
ಮಡಿಕಿ ಮುರಿಯೋದು.

ಒಂದ ಕಡೆ ಬಾಳ ದಿನಾ ಮಡಚಿಟ್ರ
ಅಲ್ಲೇ ಹರೀತೈತಿ, ಹಳೀ ನೋಟಿನಂಗ.
ಹೋದ ಸಲ ಉದ್ದಕ್ಕ, ಈ ಸಲ ಅಡ್ಡಕ್ಕ,
ಮುಂದಿನ ಸಲ ಮೂಲಿಯಿಂದ ಮೂಲಿಗೆ, ಪಾನ್‌ಪಟ್ಟಿ ಕಟ್ಟಿದಂಗ.
ನಡುನಡುವ ಬೇವಿನ ಸೊಪ್ಪು, ಬಜಿ ಬೇರು.
ಡಾಂಬರ ಗುಳಿಗಿ ಬ್ಯಾಡ,
ಚಿಗವ್ವನ ವಾಸನಿ ಹೋಗತೈತಿ.
ವಾಸನಿ ಅಂದ್ರ ಏನು?
ಸವಳು, ನೀಲಿ, ಒಂಚೂರು ನಾಸಿಪುಡಿ.

ಚಿಗವ್ವ ಫಕ್ಕೀರವ್ವ.
ಗಂಡನ ಕೂಡ ಬಾಳೇವು ಮಾಡಿದ್ದು ಹನ್ನೊಂದು ತಿಂಗಳು.
ಊರ ಅರಿವಿ ಒಗದು ಒಗದು
ತಿರುಗಿ ಯಾರೂ ಒಯ್ಯದ ಲಂಗ, ಧೋತರ, ದಿಂಬಿನ ಚೀಲ
ಕತ್ತರಿಸಿ ಎರಡು ಮೊಳದ ಕೌದಿ ಹೊಲೀತಿದ್ಲು.
ಓಣ್ಯಾಗ ಎಲ್ಲೇ ತೊಟ್ಟಿಲಾ ಕಟ್ಟಿದ್ರೂ
ಒಂದು ಕೌದಿ ಅಲ್ಲಿಗೆ ಹೋಗತಿತ್ತು.
ಈ ಏಳು ಮಾತ್ರ ಯಾರಿಗೂ ಕೊಡಲಿಲ್ಲ.
ಯಾಕಂತ ಕೇಳಿದ್ರ
"ಹೊಲಿಗಿ ಚಲೋ ಬಂದಿಲ್ಲ" ಅಂದ್ಲು.
ಚಲೋನ ಬಂದಿತ್ತು.

ಕಡೀ ಹೊಲಿಗಿ ಹಾಕೂ ಮುಂದ ಮೂಲ್ಯಾಗ
ಒಂದು ಚೂರು ಖಡಕ್ ರೊಟ್ಟಿ ಇಟ್ಟು ಮುಚ್ಚತಿದ್ಲು.
ಕೌದಿ ಹಸದ್ರ
ಕೆಳಗ ಮಲಗಿದ ಕೂಸು ಎದ್ದು ಅಳತೈತಂತ.

ತಂಗಿ ಮಗಳು ವಿದ್ಯಾಶ್ರೀ ಬಂದಾಕಿ
"ಹಿಂತಾದ್ದು ಟ್ರಂಕಿನ್ಯಾಗ ಇಡತಾರೇನು ಮಾಮಾ,
ಗಾಜಿನ ಕಟ್ಟು ಹಾಕಿಸಿ ಗೋಡಿಗೆ ಹಾಕು" ಅಂದ್ಲು.
ಕಟ್ಟು ಹಾಕಾಂವ ಕೌದಿ ಸುತ್ತಿದ ಚೀಲ ನೋಡಿ
ಕೇಳಿದ್ದು ಒಂದ ಮಾತು: ಯಾವ ದೇವರು?
ಉತ್ತರ ಹೊಳೀಲಿಲ್ಲ. ಹೊತಗೊಂಡು ಬಂದೆ.

ನಮ್ಮದು ಮಣ್ಣಿನ ಗೋಡಿ, ಮಳಿ ಹಿಡಿಯೂದಿಲ್ಲ.
ಖಿಡಕಿ ಕಡೆ ಹಾಕಿದ್ರ ಸಂಜೀ ಬಿಸಿಲು ಬಣ್ಣ ನೆಕ್ಕತೈತಿ.
ಕಡೀಕ ಬಾಜೂ ಮನಿ ಕೆಟ್ಟ ಮಗ್ಗದ ಬಡಿಗಿ ಬೇಡಿ ತಂದು
ತೊಲಿಗೆ ಎರಡು ಹಗ್ಗಾ ಕಟ್ಟಿ ತೂಗಿಬಿಟ್ಟೆ.
ಒಂದೊಂದು ಕೌದಿಗೆ ಒಂದೊಂದು ತಿಂಗಳ ಪಾಳಿ,
ಆಮ್ಯಾಲ ಟ್ರಂಕಿನ್ಯಾಗ ವಿಶ್ರಾಂತಿ.
ಹಿಂಗ ನಾಕು ಅಮಾಸಿ ಆತು.

ಐದನೇದಕ್ಕ ಟ್ರಂಕ್ ತಗದ್ರ
ತಳದ ಕೌದಿಯ ಮೂಲ್ಯಾಗ ತೂತು. ಇಲಿ.
ಬಟ್ಟಿ ತಿಂದಿರಲಿಲ್ಲ, ರೊಟ್ಟಿ ತಿಂದು ಹೋಗಿತ್ತು,
ನಲವತ್ತು ವರ್ಷದ ರೊಟ್ಟಿ.
ತೂತಿನ್ಯಾಗ ಬೆರಳಿಟ್ಟೆ.
ಮ್ಯಾಲ ಹಳದಿ, ಅದರ ಕೆಳಗ ಚೀಟಿ,
ಅದರ ಕೆಳಗ
ಖಾಕಿ.

ಕಾಲರ್ ಪಟ್ಟಿ. ಅದರ ಮ್ಯಾಲ ಗೇರುಕಾಯಿ ಮಸಿಯ ಗುರುತು:
ಮೂರು ಚುಕ್ಕಿ, ಕೆಳಗೊಂದು ಅಡ್ಡಗೆರಿ.
ನಾವು ಹಾಕೂ ಗುರುತು ಎಲ್ಲಾ ಬಾಯಿಪಾಠ ನನಗ:
ಡಾಕ್ಟರ ಮನೀದು ಎರಡು ಚುಕ್ಕಿ,
ಗಿರಣಿಯವರದು ಕತ್ತರಿ, ಪ್ಯಾಟಿ ಶೆಟ್ಟರದು ಸೊನ್ನಿ.
ಮೂರು ಚುಕ್ಕಿ, ಅಡ್ಡಗೆರಿ
ಯಾವ ಮನೀದೂ ಅಲ್ಲ.
ನಮ್ಮ ಮನ್ಯಾಗ ಖಾಕಿ ತೊಟ್ಟಾಂವ ಹುಟ್ಟೇ ಇಲ್ಲ.
ಸ್ಟೇಶನ್ ಕಡಿಯಿಂದ ವಾರಕ್ಕೊಂದು ಗಂಟು ಬರತಿತ್ತಂತ,
ಚಿಗವ್ವನ ಒಬ್ಬಾಕೀನ ತರತಿದ್ಲಂತ,
ಒಂದು ವಾರ ಬರಿಗೈಲೆ ಬಂದ್ಲಂತ.
ಇಷ್ಟ ನಮ್ಮವ್ವ ಅಂದದ್ದು, ಅದೂ ಬ್ಯಾರೆ ಮಾತಿನ ನಡುವ.

ಉಳಿದ ಆರನ್ನೂ ಬಿಚ್ಚಿ ನೋಡೋಣು ಅನ್ನಿಸ್ತು.
ಬ್ಲೇಡೂ ತಗೊಂಡಿದ್ದೆ.
ಕೌದಿ ಮ್ಯಾಲ ಆಕಿ ಹೊಲಿಗಿ
ಅಕ್ಕಿಕಾಳಿನಷ್ಟ ಅಕ್ಕಿಕಾಳಿನಷ್ಟ ಸಾಲು ಹಿಡದು ಹೋಗಿತ್ತು,
ಎಲ್ಲಿಯೂ ಕೈ ನಡುಗಿದ್ದಿಲ್ಲ.
ಬ್ಲೇಡ್ ಗೂಡಿನ್ಯಾಗ ಇಟ್ಟೆ.

ಈ ತಿಂಗಳ ಬಡಿಗಿ ಮ್ಯಾಲ ಅದ ಕೌದಿ ಐತಿ.
ತೂತು ಹೊಲದಿಲ್ಲ, ಗೋಡಿ ಕಡೆ ತಿರುವಿ ಹಾಕೇನಿ.
ಬಂದವರು ಹಳದಿ ನೋಡಿ ಚಂದ ಐತಿ ಅಂತಾರ.
ವಿದ್ಯಾಶ್ರೀಗೂ ಹೇಳಿಲ್ಲ.

ಮಲಗೂ ಮುಂದ ಟ್ರಂಕಿನಿಂದ ದೂರ, ಮಾಡದ ಮ್ಯಾಲ
ದಿನಾ ಒಂದು ಚೂರು ರೊಟ್ಟಿ ಇಡತೀನಿ.
ತಿನ್ನಲಿ ಇಲಿ.
ಉಳಿದ ಆರನ್ನ ಓದೋದು ಬ್ಯಾಡ.