ಮೂರನೇ ಖರ್ಜೂರದ ಎದುರು

ರಂಜಾನಿಗೆ ಎಂಟು ದಿನ ಇರುವಾಗ ತಗಡು ಬಂತು.
ಅಂಗಡಿ ಬಾಗಿಲಿಗೂ ಅದಕ್ಕೂ ನಡುವೆ
ಟೇಪು ಹಿಡಿದು ನೋಡಿದೆ: ಐವತ್ತೆರಡು ಇಂಚು.
ಒಬ್ಬ ದಪ್ಪ ಗಿರಾಕಿ, ಒಂದು ಚೀಲ. ಅಷ್ಟೇ.

ತಗಡಿನ ತುಂಬ ಚಿತ್ರ. ಗಾಜಿನ ಸ್ಟೇಷನ್ನು,
ಹುಲ್ಲಿನ ಮೇಲೆ ನಗುವ ಗಂಡ ಹೆಂಡತಿ ಮಗು,
ಸಾಲಾಗಿ ಏಳು ಖರ್ಜೂರದ ಮರ.
ಬತ್ಹಾದಲ್ಲಿ ಅಷ್ಟು ಹಸುರು ನಾನು ಕಂಡದ್ದೇ ಇಲ್ಲ.
ಫೋನು ಬಂದರೆ ಹೇಳುತ್ತಿದ್ದೆ:
"ಹೋಟೆಲಿನ ಮೂಲೆಯಿಂದ ಸಂದಿಗೆ ಇಳಿಯಿರಿ ಮಾರಾಯರೇ,
ಮರ ಎಣಿಸುತ್ತ ಬನ್ನಿ, ಮೂರನೆಯದರ ಎದುರು ನಾನು."
ಕೆಲವರು ಬಂದರು.
ಮರ ಎಣಿಸಲು ಪುರುಸೊತ್ತಿಲ್ಲದವರು
ಆಚೆ ಗಲ್ಲಿಯ ಮಲಬಾರಿಗೆ ಬಟ್ಟೆ ಕೊಟ್ಟರು.

ತಗಡಿನಾಚೆ ಕಂಬ ಹೊಡೆಯುವ ಯಂತ್ರ.
ಒಂದೊಂದು ಪೆಟ್ಟಿಗೂ ಚಾ ಲೋಟದಲ್ಲಿ ಬಳೆ ಬಳೆ.
ಮೊದಲ ವಾರ ಹನ್ನೊಂದು ಸೂಜಿ ಮುರಿದೆ.
ಆಮೇಲೆ ಕಲಿತೆ: ಪೆಟ್ಟಿಗೂ ಪೆಟ್ಟಿಗೂ ನಡುವೆ
ಒಂದು ಬಿಸ್ಮಿಲ್ಲಾ ಹೇಳುವಷ್ಟು ಹೊತ್ತು ಉಂಟು,
ಅಷ್ಟರಲ್ಲಿ ನೂಲು ಸೂಜಿಗಣ್ಣು ದಾಟಬೇಕು.
"ಏನದು, ಯಾರು ಭತ್ತ ಕುಟ್ಟುವುದು?" ಉಪ್ಪಿನಂಗಡಿಯಿಂದ ಹೆಂಡತಿ.
"ರೈಲು ಬರುತ್ತದಂತೆ."
"ಯಾವಾಗ?"
ಅಷ್ಟರಲ್ಲಿ ಇನ್ನೊಂದು ಪೆಟ್ಟು.

ರಾಜಮಲ್ಲು ಬಂದದ್ದು ಮೊಣಕಾಲು ಹರಿದ ಕವರಾಲ್ ಹಿಡಿದು.
ಜಗಿತ್ಯಾಲದವನು. ಅವನ ತೆಲುಗು, ನನ್ನ ಬ್ಯಾರಿ
ಎರಡೂ ಸೇರಿ ಒಂದು ಕುಂಟು ಉರ್ದು.
"ಕೆಳಗೆ ಹೇಗೆ?"
"ತಂಪು ಚಾಚಾ. ಒದ್ದೆ ಮಣ್ಣಿನ ವಾಸನೆ.
ನೀರು ಬರ್ತಾನೇ ಇರ್ತದೆ, ಪಂಪು ನಿಲ್ಲಿಸುವ ಹಾಗಿಲ್ಲ."
ಇಪ್ಪತ್ತಮೂರು ವರ್ಷ ನೀರಿನ ಮೇಲೆ ಕೂತು ಹೊಲಿದಿದ್ದೆ,
ಗೊತ್ತಿರಲಿಲ್ಲ.
ಅವನ ಜೇಬು ಮಗುಚಿದರೆ ಕತ್ತರಿಯ ಮೇಲೆ ತೇವದ ಮರಳು.
ಸ್ವಲ್ಪ ಹೊತ್ತು ಒರೆಸಲಿಲ್ಲ.

ಮೂವತ್ತನಾಲ್ಕರ ಸೊಂಟ ಮೂವತ್ತೆರಡು ಮಾಡಿಸಿದ.
ನಾಲ್ಕು ತಿಂಗಳಿಗೆ ಮೂವತ್ತು.
"ಉಣ್ಣುವುದಿಲ್ಲವೇನೋ?" ಎಂದರೆ
ನನ್ನ ಸೀಮೆಸುಣ್ಣ ತೆಗೆದು ಹಲಗೆಯ ಮೇಲೆ ಮನೆ ಬರೆದ.
ಎರಡು ಕೋಣೆ, ಸ್ಲ್ಯಾಬು.
ಮೆಟ್ಟಿಲು ಎಲ್ಲಿಂದ ಎಂದು ಬಹಳ ಯೋಚಿಸಿದ.

ಮೂರನೇ ಸಲ ಕೊಟ್ಟದ್ದನ್ನು ಒಯ್ಯಲು ಬರಲಿಲ್ಲ.
ಬೇರೆ ಸ್ಟೇಷನ್ನಿಗೆ ಹಾಕಿದರು ಎಂದ ಒಬ್ಬ.
ಎಕ್ಸಿಟ್ ಹೊಡೆದು ಕಳಿಸಿದರು ಎಂದ ಇನ್ನೊಬ್ಬ.
ಮತ್ತೊಬ್ಬ ಕೇಳಿದ, "ಹೆಸರಲ್ಲ, ನಂಬರು ಎಷ್ಟು?"

ಒಂದು ರಾತ್ರಿ ತಗಡು ಹೋಯಿತು, ಮರಗಳ ಸಮೇತ.
ಬೆಳಿಗ್ಗೆ ಶಟರ್ ಎತ್ತಿದರೆ ಒಳಗೆಲ್ಲ ಬೆಳಕು;
ಎಷ್ಟು ಧೂಳು ತಿಂದಿದ್ದೆವೆಂದು ಆಗ ಕಂಡದ್ದು.
ಸ್ಟೇಷನ್ನಿನ ಮುಖ ಆಚೆ ರಸ್ತೆಗೆ.
ನಮ್ಮ ಕಡೆ ಅದರ ಬೆನ್ನು, ಬಿಸಿಗಾಳಿ ಉಗುಳುವ ಜಾಲರಿ.
ಬಾಡಿಗೆ ಮಾತ್ರ ಮುಖದ ಲೆಕ್ಕದಲ್ಲಿ ಏರಿತು.

ಒಂದು ಶುಕ್ರವಾರ ನಾನೂ ಹತ್ತಿದೆ.
ಅಂಗಡಿಯ ಅಡಿ ಯಾವಾಗ ದಾಟಿತೋ ತಿಳಿಯಲಿಲ್ಲ.
ಒದ್ದೆ ಮಣ್ಣಿಗಾಗಿ ಮೂಗು ಎತ್ತಿದೆ:
ಹೊಸ ಪ್ಲಾಸ್ಟಿಕ್ಕು, ಯಾರದೋ ಅತ್ತರು.
ಕಾಲು ತನ್ನಷ್ಟಕ್ಕೆ ಪೆಡಲು ಒತ್ತುತ್ತಿತ್ತು.

ಈಗಲೂ ಫೋನು ಬಂದರೆ ಬಾಯಿಗೆ ಅದೇ ಬರುತ್ತದೆ,
ಮೂರನೇ ಮರದ ಎದುರು.
"ಯಾವ ಮರ ಇದ್ದಿನಬ್ಬಾಕ?"

ಹ್ಯಾಂಗರಿನಲ್ಲಿ ನೀಲಿ ಕವರಾಲ್. ಚೀಟಿ ೪೧೮,
ಸೊಂಟ ಇಪ್ಪತ್ತೊಂಬತ್ತು, ಬಾಕಿ ಎಂಟು ರಿಯಾಲು.
ಬಟ್ಟೆ ಕತ್ತರಿಸಿಲ್ಲ, ಒಳಗೆ ಮಡಚಿ ಹೊಲಿದಿದ್ದೇನೆ.
ಬಿಚ್ಚಿದರೆ ಪುನಃ ಮೂವತ್ತನಾಲ್ಕು ಆಗುತ್ತದೆ.