ಅಲ್ಲಾಡಿಸಿ ಕೇಳುವುದು

ಅರಸೀಕೆರೆಯ ಈ ಮನೆಯಲ್ಲಿ
ನಮ್ಮ ತಲೆಯ ಮೇಲೆ ಆರು ನೂರು ತೆಂಗಿನಕಾಯಿ ಮಲಗಿವೆ.
ಹಲಗೆಯ ಅಟ್ಟ. ಅದರ ಕೆಳಗೆ ಸೌದೆ ಒಲೆಯಿತ್ತು,
ಮಗುವಿಗೆ ಹೊಗೆ ಆಗದೆಂದು ಹಿತ್ತಲಿಗೆ ಹೋಯಿತು.
ಈಗ ಗ್ಯಾಸಿನ ಶಾಖವೇ ಅನ್ನಕ್ಕೂ ಕಾಯಿಗೂ.
ಅತ್ತೆ ಗೊಣಗಲಿಲ್ಲ, ಅದೇ ಆಶ್ಚರ್ಯ.

ಹನ್ನೊಂದು ತಿಂಗಳು ಬೇಕು
ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು
ತನ್ನಷ್ಟಕ್ಕೆ ತಾನು ಉರುಳುವ ಗಿಟುಕಾಗಲು.
"ಬಸುರಿಗಿಂತ ಎರಡು ತಿಂಗಳು ಜಾಸ್ತಿ"
ಅನ್ನುತ್ತಾರೆ ಗಂಗಮಾಳಮ್ಮ, ನಮ್ಮತ್ತೆ,
ಬೇಕೆಂದೇ ನನ್ನ ಹೊಟ್ಟೆಯ ಕಡೆ ನೋಡದೆ.

ಆಗಿದೆಯೋ ಇಲ್ಲವೋ ತಿಳಿಯಲು
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು.
ಅತ್ತೆಯ ಕಿವಿ ಹೋಗಿ ಮೂರು ವರ್ಷ. ಮಂಡಿ ಹೋಗಿ ಐದು.
ಹಾಗಾಗಿ ಏಣಿ ಹತ್ತುವವಳು ನಿಹಾರಿಕಾ,
ಮೂರನೇ ಕ್ಲಾಸು,
ಅತ್ತೆಯ ಬಾಯಲ್ಲಿ ಮೊದಲಿನಿಂದಲೂ ನೀರಕ್ಕ.
ಅಲ್ಲಾಡಿಸುವುದು ಅಜ್ಜಿಯ ಕೈ, ಕೇಳುವುದು ಮೊಮ್ಮಗಳ ಕಿವಿ,
ಲೆಕ್ಕ ಮಾವನದು, ಗೋಡೆಯ ಮೇಲೆ ಸೀಮೆಸುಣ್ಣದ ಗೀಟು.
ಹತ್ತಕ್ಕೊಂದು ಕಾಯಿ ಗೀಟಿಗೆ ಸಿಗುವುದಿಲ್ಲ.
ಅದು ಬೆಲ್ಲದ ಜೊತೆ ಜಗಲಿಯ ಮೂಲೆಯಲ್ಲಿ
ಸಕ್ಕರೆ ಕಾಯಿಲೆಯವರೊಬ್ಬರು, ಹುಳುಕುಹಲ್ಲಿನವಳೊಬ್ಬಳು
ಸೇರಿ ಮುಗಿಸುವ ಕಾಯಿ.

"ಕುಣೀತದೇನೇ?"
"ಇಲ್ಲಜ್ಜೀ, ಇನ್ನೂ ಗುಳುಗುಳು ಅಂತದೆ!"
ನಮ್ಮ ಮನೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು.
ಕ್ಲಾಸಿನಲ್ಲಿ ಅವಳು ಪಕ್ಕದವಳ ಪೆನ್ಸಿಲ್ ಕದ್ದದ್ದು,
ಮಾರನೆಯ ದಿನ ಹಿಂದಿರುಗಿಸಿದ್ದು, ಅತ್ತದ್ದು,
ಎಲ್ಲ ಬೀದಿಗೆ ಗೊತ್ತು.
ನನಗೆ ಎದುರುಮನೆ ಶಿವಗಂಗಮ್ಮ ಹೇಳಿದ ಮೇಲೆ ಗೊತ್ತು.

ನಾನು ಹಾಸನದ ಬಸ್ಸಿನ ಕಂಡಕ್ಟರು.
ದಿನಕ್ಕೆ ನಾಲ್ಕು ಸಲ ಹಾರನಹಳ್ಳಿ ದಾಟುತ್ತೇನೆ,
ಹೆಂಗಸರಿಗೆ ಸೊನ್ನೆ ರೂಪಾಯಿಯ ಚೀಟಿ ಹರಿಯುತ್ತೇನೆ,
ಯಾರ ಚಿಲ್ಲರೆ ಎಷ್ಟು ಬಾಕಿ, ಬಾಯಲ್ಲೇ ಇದೆ.
ನನ್ನ ಮಗಳ ಯಾವ ಹಲ್ಲು ಬಿತ್ತು
ಅದನ್ನು ಮಾತ್ರ ಕೇಳಿ ತಿಳಿಯಬೇಕು.
ಹೊಟ್ಟೆಕಿಚ್ಚಾಗುತ್ತದೆ. ಸುಳ್ಳೇಕೆ ಹೇಳಲಿ.

ಹೋದ ದೀಪಾವಳಿಗೆ ಇವರು ಕಿವಿಗೆ ಮಿಷನ್ನು ತಂದರು,
ಹದಿನೆಂಟು ಸಾವಿರ, ಕಂತಿನಲ್ಲಿ.
ಅತ್ತೆ ಎರಡು ದಿನ ಹಾಕಿಕೊಂಡು
"ಲೋಕವೆಲ್ಲ ತಗಡು ಬಡಿದಂಗೆ ಕೇಳ್ತದೆ" ಎಂದು
ಎಲೆಅಡಿಕೆ ಚೀಲಕ್ಕೆ ಸೇರಿಸಿದರು, ಸುಣ್ಣದ ಡಬ್ಬಿಯ ಪಕ್ಕ.
ಇವರು ಒಂದು ವಾರ ತಾಯಿಯ ಜೊತೆ ಮಾತು ಬಿಟ್ಟರು.
ಆಡಿದ್ದರೂ ಕೇಳುತ್ತಿರಲಿಲ್ಲ, ಅದು ಬೇರೆ.

ಮಾಗಿ ಬಂದರೆ ಮಗುವಿಗೆ ಉಬ್ಬಸ.
ಮೊನ್ನೆ ಕೊನೆಯ ಟ್ರಿಪ್ಪು ದಾರಿಯಲ್ಲೇ ಕೆಟ್ಟು ನಿಂತು
ನಾನು ಬಾಗಿಲು ತಳ್ಳಿದಾಗ ಹನ್ನೆರಡೂ ಕಾಲು.
ಜೀರೋ ಬಲ್ಬಿನ ಕೆಳಗೆ ಅತ್ತೆ,
ಆ ಮಂಡಿಯನ್ನು ಹೇಗೆ ಮಡಚಿದರೋ, ನೆಲದಲ್ಲಿ ಕೂತು,
ಮಗಳ ಎದೆಯ ಹತ್ತಿರ ತಲೆ ಬಾಗಿಸಿ,
ಕಿವಿಯಲ್ಲಿ ಮಿಷನ್ನು.

ಆ ಪುಟ್ಟ ಗೂಡಿನೊಳಗೆ
ಏನೋ ಗೊರಗೊರ ಉರುಳುತ್ತಿತ್ತು.
ಅದು ಇಳಿಯುವ ತನಕ ನಾನೂ ಹೊಸ್ತಿಲಲ್ಲೇ ನಿಂತೆ
ಚಪ್ಪಲಿ ಕೈಯಲ್ಲಿ ಹಿಡಿದು.
ಮಾವ ಗೊರಕೆ ಹೊಡೆಯುತ್ತಿದ್ದರು.
ದೂರದಲ್ಲಿ ಗೂಡ್ಸು ಗಾಡಿ ಜಂಕ್ಷನ್ನು ಬಿಡುತ್ತಿತ್ತು, ಮುಗಿಯದಷ್ಟು ಡಬ್ಬಿ.

"ಬಂದ್ಯಾ" ಅಂದರು ಅತ್ತೆ, ತಿರುಗದೆ,
ಮೂರು ವರ್ಷದಲ್ಲಿ ಮೊದಲ ಸಲ ಕೂಗದೆ.
"ಮುದ್ದೆ ಮುಚ್ಚಿಟ್ಟಿದೀನಿ. ಸಾರು ಬಿಸಿ ಮಾಡ್ಕೋ."
ಆಮೇಲೆ ಮಿಷನ್ನು ತೆಗೆದು
ಚೀಲಕ್ಕೆ ಹಾಕಿ ದಾರ ಎಳೆದರು.

ಬೆಳಿಗ್ಗೆ ಮತ್ತೆ ಬೀದಿ ತುದಿಯವರೆಗೆ
"ಕುಣೀತದೇನೇ ನೀರಕ್ಕಾ?"
ನಾನು ಬ್ಯಾಗು ಹೆಗಲಿಗೇರಿಸಿ ಹೊರಟಿದ್ದೆ.
ಮಗಳು ಓಡಿ ಬಂದು ಕಾಯಿಯನ್ನು ನನ್ನ ಕಿವಿಗೆ ಹಿಡಿದಳು:
"ಇವತ್ತು ನೀನು ಹೇಳಮ್ಮ."
ಡಿಪೋ ಕಡೆಯಿಂದ ಹಾರ್ನು. ನನಗೇನೂ ಕೇಳಲಿಲ್ಲ.

ಇನ್ನೊಂದು ಸಲ ಅಲ್ಲಾಡಿಸು, ಅಂದೆ.